ಮಡ್‌ಹನಿ ಸಿಡಿ: ಪ್ಯಾಕಿಂಗ್‌ಗೆ ಸೊನ್ನೆ, ಹಾಡಿಗೆ ನಾಲ್ಕೂವರೆ

ನಾನು ಮಂಗಳೂರಿನ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಹಾಗಾಗಿ ಮನೆಗೆ ಪಾರ್ಸೆಲ್ ಬಂದರೆ ಮೊದಲು ಕಣ್ಣು ಹೋಗುವುದು ಮಾಲಿನ ಕಡೆಗಲ್ಲ, ಡಬ್ಬದ ಕಡೆಗೆ. ಈ ಸಿಡಿಗೆ ಡಬ್ಬವೇ ಇರಲಿಲ್ಲ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರ ಮೇಲೆ ಎರಡು ಸುತ್ತು ಟೇಪು, ಅಷ್ಟೇ. ಅದೂ ಜುಲೈ ತಿಂಗಳಲ್ಲಿ! ಕದ್ರಿಯಲ್ಲಿ ಕೊಡೆ ಬಿಡಿಸಿ ನಡೆದರೂ ಸೊಂಟದಿಂದ ಕೆಳಗೆ ಒದ್ದೆಯಾಗುವ ಕಾಲ. ಕೇಸಿನ ಮೂಲೆ ಒಡೆದಿತ್ತು. ಪುಸ್ತಿಕೆಯ ಹಾಳೆಗಳು ಅಂಟಿಕೊಂಡಿದ್ದವು. ಹಳೆ ಸಿಡಿ ಮಾರುವ ಆ ಪುಣ್ಯಾತ್ಮನಿಗೆ ಫೋಟೋ ಕಳಿಸಿದೆ. ಡಿಸ್ಕ್ ಚೆನ್ನಾಗಿದೆ ಅಲ್ವಾ, ಮತ್ತೇನು ಅಂತ ಉತ್ತರ ಬಂತು. ಕೊಟ್ಟಿದ್ದು 700 ರೂಪಾಯಿ.

ಡಿಸ್ಕ್ ಚೆನ್ನಾಗಿಯೇ ಇತ್ತು. ಅದಕ್ಕೇ ಜಗಳ ಮುಂದುವರಿಸಲಿಲ್ಲ.

ಬ್ಯಾಂಡು ಅಮೆರಿಕದ ಸಿಯಾಟಲ್‌ನ ಮಡ್‌ಹನಿ. ನಮ್ಮ ನೀರ ಹನಿ ಅಲ್ಲ, ಕೆಸರು ಮತ್ತು ಜೇನು. ಸಿಡಿಯ ಹೆಸರು 'ಸೂಪರ್‌ಫಝ್ ಬಿಗ್‌ಮಫ್ ಪ್ಲಸ್ ಅರ್ಲಿ ಸಿಂಗಲ್ಸ್', 1990ರದ್ದು. 1988ರ ಇಪಿಯ (ಆಲ್ಬಂಗಿಂತ ಚಿಕ್ಕ ರೆಕಾರ್ಡು) 6 ಹಾಡು, ಜೊತೆಗೆ ಸಿಂಗಲ್‌ಗಳ 6 ಹಾಡು. ಸೂಪರ್‌ಫಝ್, ಬಿಗ್‌ಮಫ್ ಅನ್ನುವುದು ಗಿಟಾರಿನ ದನಿಯನ್ನು ಬೇಕೆಂದೇ ಕೆಡಿಸುವ ಎರಡು ಪೆಡಲ್‌ಗಳ ಹೆಸರು. ಕೆಡಿಸುವುದು ಅಂದರೆ ಹೇಗೆ? ಕಾದ ಎಣ್ಣೆಗೆ ಗೋಳಿಬಜೆ ಹಿಟ್ಟು ಬಿಟ್ಟಾಗ ಬರುವ ಸದ್ದು ಗೊತ್ತಲ್ಲ, ಹಾಗೆ. ಮೊದಲ ಹಾಡು 'ಟಚ್ ಮಿ ಐಯಾಮ್ ಸಿಕ್' ಪೂರ್ತಿ ಅದೇ ಸದ್ದು. ಎರಡೂವರೆ ನಿಮಿಷ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಪ್ಲೇಯರ್ ಹಾಳಾಗಿದೆಯಾ ಅಂತ ಕೇಳಿದಳು.

ನಾನು ಮಡ್‌ಹನಿಯನ್ನು ಮೊದಲು ಕೇಳಿದ್ದು 1996ರಲ್ಲಿ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯ ಹಾಸ್ಟೆಲಿನಲ್ಲಿ. ನಾನು ಅಲ್ಲಿ ಓದಿದವನಲ್ಲ. ಗೆಳೆಯನ ರೂಮಿಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಸ್ಸು ಹತ್ತಿ ಸುಮ್ನೆ ಹೋಗುತ್ತಿದ್ದೆ. ಕಾಪಿ ಮಾಡಿದ ಕ್ಯಾಸೆಟ್ಟಿನ ಮೇಲೆ 'ನಿರ್ವಾಣ' ಅಂತ ಇನ್ನೊಂದು ಅಮೆರಿಕದ ಬ್ಯಾಂಡಿನ ಹೆಸರು ಬರೆದಿತ್ತು. ಎಷ್ಟೋ ವರ್ಷ ಇದು ನಿರ್ವಾಣವೇ ಅಂದುಕೊಂಡಿದ್ದೆ. ತೀರಾ ದೊಡ್ಡ ತಪ್ಪೇನಲ್ಲ ಅನ್ನಿ. ಎರಡೂ ಒಂದೇ ಮೇಳದವು.

ಮೇಳ ಅಂದೆ, ಯಾಕೆಂದರೆ ಇವರ ರೆಕಾರ್ಡು ಹೊರತಂದ ಸಬ್ ಪಾಪ್ ಎಂಬ ಲೇಬಲ್ಲಿನ, ಅಂದರೆ ರೆಕಾರ್ಡ್ ಕಂಪನಿಯ, ಕತೆ ನನಗೆ ಅರ್ಥವಾಗುವುದೇ ಯಕ್ಷಗಾನ ಮೇಳದ ಲೆಕ್ಕದಲ್ಲಿ. ಬ್ರೂಸ್ ಪ್ಯಾವಿಟ್, ಜೊನಾಥನ್ ಪೋನ್‌ಮನ್ ಅಂತ ಇಬ್ಬರು ಯಜಮಾನರು. ಕೈಯಲ್ಲಿ ಕಾಸಿಲ್ಲ. ಆದರೂ 1989ರಲ್ಲಿ ಪ್ರಚಾರಕ್ಕಾಗಿ ಇಂಗ್ಲೆಂಡಿನ ಪತ್ರಕರ್ತನನ್ನು ಖರ್ಚು ಕೊಟ್ಟು ಸಿಯಾಟಲ್‌ಗೆ ಕರೆಸಿಕೊಂಡರು. ಕಲಾವಿದರು ಬಿಡುವುದು, ಕೂಡುವುದು ನಡೆದೇ ಇತ್ತು. ಮಡ್‌ಹನಿಯ ಮಾರ್ಕ್ ಆರ್ಮ್, ಸ್ಟೀವ್ ಟರ್ನರ್ ಇಬ್ಬರೂ ಮೊದಲು ಗ್ರೀನ್ ರಿವರ್‌ನಲ್ಲಿದ್ದವರು. ಅದೇ ಬ್ಯಾಂಡಿನ ಇನ್ನಿಬ್ಬರು ಮುಂದೆ ಪರ್ಲ್ ಜಾಮ್ ಕಟ್ಟಿದರು. ಸೌಂಡ್‌ಗಾರ್ಡನ್ ಬ್ಯಾಂಡಿನ ಮೊದಲ ಇಪಿಯೂ ಇಲ್ಲಿಂದಲೇ, 1987ರಲ್ಲಿ. ರೆಕಾರ್ಡಿಂಗ್ ಹೆಚ್ಚಾಗಿ ಜ್ಯಾಕ್ ಎಂಡಿನೊ ಕೈಯಲ್ಲಿ. ನಿರ್ವಾಣದ ಮೊದಲ ಆಲ್ಬಂ 'ಬ್ಲೀಚ್' ಮಾಡಲು ಆತ ಹಾಕಿದ ಬಿಲ್ಲು 606 ಡಾಲರ್ 17 ಸೆಂಟ್. ಆ 17 ಸೆಂಟ್ ನನಗೆ ತುಂಬ ಇಷ್ಟ.

ಇನ್ನೊಂದು ಕತೆ ಹೇಳಲೇಬೇಕು. 1990ರಲ್ಲಿ ಟ್ಯಾಡ್ ಎಂಬ ಬ್ಯಾಂಡು 'ಬ್ಲೀಚ್' ಮಾಡಿದ ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿತ್ತು. ಅವರು ಊಟಕ್ಕೆ ಎದ್ದು ಹೋದ ಹೊತ್ತಲ್ಲಿ ನಿರ್ವಾಣದವರು ನುಗ್ಗಿ, ಟ್ಯಾಡ್‌ನವರ ಸಾಮಾನಿನಲ್ಲೇ 'ಸ್ಲಿವರ್' ಹಾಡನ್ನು ರೆಕಾರ್ಡ್ ಮಾಡಿದರು. ಡ್ರಮ್ಮಿಗೆ ಕೂತದ್ದು ಮಡ್‌ಹನಿಯ ಡ್ಯಾನ್ ಪೀಟರ್ಸ್. ಚೆಂಡೆಯವನು ಒಂದು ರಾತ್ರಿಗೆ ಇನ್ನೊಂದು ಮೇಳಕ್ಕೆ ಹೋದ ಹಾಗೆ.

1991ಕ್ಕೆ ಲೇಬಲ್ ಮುಳುಗುವುದರಲ್ಲಿತ್ತು. ಆ ಜುಲೈಯಲ್ಲಿ ಬಂದ ಮಡ್‌ಹನಿಯ ಆಲ್ಬಂ ಚೆನ್ನಾಗಿ ಮಾರಿ ಉಸಿರು ಕೊಟ್ಟಿತು. ಸೆಪ್ಟೆಂಬರಿನಲ್ಲಿ ನಿರ್ವಾಣದ 'ನೆವರ್‌ಮೈಂಡ್' ದೊಡ್ಡ ಕಂಪನಿಯಿಂದ ಬಂತು. ನಿರ್ವಾಣವನ್ನು ಬಿಟ್ಟುಕೊಡುವಾಗ ಮಾಡಿಕೊಂಡ ಒಪ್ಪಂದದ ಪ್ರಕಾರ ಸಬ್ ಪಾಪ್‌ಗೂ ಪಾಲು ಸಿಕ್ಕಿತು. ಎಲ್ಲರಿಗೂ ನೆನಪಿರುವುದು ಸೆಪ್ಟೆಂಬರ್ ಮಾತ್ರ. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ.

ಸರಿ, ಹಾಡುಗಳಿಗೆ ಬರುತ್ತೇನೆ. ಗೇರುಬೀಜದ ಭಾಷೆಯಲ್ಲಿ ಹೇಳುವುದಾದರೆ 12ರಲ್ಲಿ ಎಂಟು ಇಡೀ ಬೀಜ, ಉಳಿದವು ತುಂಡು. 'ಇಫ್ ಐ ಥಿಂಕ್' ಮೆಲ್ಲಗೆ ಶುರುವಾಗಿ ಒಮ್ಮೆಗೇ ಕೂಗುತ್ತದೆ, ಪ್ರತಿ ಸಲ ಮೈ ಜುಂ ಅನ್ನುತ್ತದೆ. ಕೊನೆಯ 'ಮಡ್‌ರೈಡ್' ಕೆಸರಲ್ಲಿ ಕಾಲು ಎಳೆದ ಹಾಗೆ ನಿಧಾನ. ರಾತ್ರಿ ಮಳೆಗೆ ಸರಿ, ಬೆಳಿಗ್ಗೆ ಬೇಡ. ಸೋನಿಕ್ ಯೂತ್‌ನವರ 'ಹ್ಯಾಲೊವೀನ್' ಇವರ ಬಾಯಲ್ಲಿ ನನಗೆ ಹಿಡಿಸಲಿಲ್ಲ. ಅರ್ಧ ಅಂಕ ಕಡಿಮೆಯಾದದ್ದು ಅದಕ್ಕೇ.

ಹಾಡಿದ ಮಾರ್ಕ್ ಆರ್ಮ್ ವರ್ಷಗಟ್ಟಲೆ ಅದೇ ಸಬ್ ಪಾಪ್‌ನ ಗೋಡೌನ್ ಮ್ಯಾನೇಜರ್ ಆಗಿ ದುಡಿದವನು. ಬೇರೆ ಬ್ಯಾಂಡುಗಳ ರೆಕಾರ್ಡುಗಳನ್ನು ಡಬ್ಬಕ್ಕೆ ತುಂಬಿಸಿ ಕಳಿಸುವ ಕೆಲಸ. ನನ್ನದೇ ಕೆಲಸ! ಅವನು ಈ ಬಟ್ಟೆ ಅಂಗಡಿ ಕವರು ನೋಡಬೇಕಿತ್ತು. ಹೊಸ ಪ್ರತಿ ಬೇಕಾದವರು ಕೊರಿಯರ್ ಖರ್ಚು ಜಾಸ್ತಿಯಾದರೂ ಲೇಬಲ್ಲಿನಿಂದಲೇ ತರಿಸಿ. ನನ್ನ ಪುಸ್ತಿಕೆಯನ್ನು ಫ್ಯಾಕ್ಟರಿಯ ಖಾಲಿ ಟಿನ್ನಿನಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ನಿನ್ನೆಗೆ ಒಂದು ಹಾಳೆ ಬಿಟ್ಟುಕೊಂಡಿದೆ.