ಮನೆಯಲ್ಲೇ ಜೋಡಿಸಿದ ಲಿಥಿಯಂ ಬ್ಯಾಟರಿ: ಮೂರನೇ ಸೆಲ್‌ನ ಕಾಟ

ಸೆಲ್‌ಗಳ ಬಗ್ಗೆ ದೂರಿಲ್ಲ. ತಲೆ ತಿಂದದ್ದು ಬಿಎಂಎಸ್, ಅಂದರೆ ಸೆಲ್‌ಗಳ ವೋಲ್ಟೇಜ್ ಕಾಯುವ ಸರ್ಕ್ಯೂಟ್. ಎರಡು ಮಳೆಗಾಲ ದಾಟಿದ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ಸಿಟ್ಟು ಸ್ವಲ್ಪ ಇಳಿದಿದೆ.

ನಮ್ಮದು ತೀರ್ಥಹಳ್ಳಿ ಕಡೆ. ಜುಲೈನಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಕರೆಂಟಿನ ಆಸೆ ಮಾರನೇ ದಿನಕ್ಕೇ. ಇನ್ವರ್ಟರಿನ ಹಳೇ ಟ್ಯೂಬ್ಯುಲರ್ (ಸೀಸ-ಆ್ಯಸಿಡ್) ಬ್ಯಾಟರಿ ಸತ್ತಾಗ 100 ಎಎಚ್‌ನ (ಆಂಪಿಯರ್-ಗಂಟೆ) ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ತರಿಸಿದೆ. ಸೆಲ್ ಜೋಡಿಸುವ ಲೋಹದ ಪಟ್ಟಿ (ಬಸ್‌ಬಾರ್), ಬಿಎಂಎಸ್, ಫ್ಯೂಸು, ದಪ್ಪ ವೈರು ಎಲ್ಲ ಸೇರಿ 20 ಸಾವಿರ ದಾಟಿತು. ಹಳೇ ಬ್ಯಾಟರಿ ಎತ್ತಲು ಇಬ್ಬರು ಬೇಕಿತ್ತು. ಇದರ ಸೆಲ್ ಒಂದೊಂದೂ 2 ಕೆಜಿ ಆಸುಪಾಸು ಅಷ್ಟೇ. ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದು ಬಗ್ಗುವುದು ತಪ್ಪಿತು, ಆ್ಯಸಿಡ್ ವಾಸನೆಯೂ ಇಲ್ಲ.

ಜೋಡಿಸುವ ಮೊದಲು, ಎಲ್ಲವೂ ಸಮ ಆಗಲಿ ಎಂದು, ನಾಲ್ಕನ್ನೂ ಪ್ಯಾರಲಲ್ ಮಾಡಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿ) 3.65 ವೋಲ್ಟ್‌ವರೆಗೆ ಒಟ್ಟಿಗೆ ತುಂಬಿಸಿದ್ದೆ. ಬೋಗುಣಿ ತುಂಬಲು ಹನಿ ನಲ್ಲಿ ಬಿಟ್ಟಂತೆ, ಅಷ್ಟು ನಿಧಾನ. ಸ್ಪ್ಯಾನರಿಗೆ ತುದಿ ಬಿಟ್ಟು ಪೂರ್ತಿ ಇನ್ಸುಲೇಶನ್ ಟೇಪ್ ಸುತ್ತಿದ್ದೆ. ಅದು ಜಾರಿ ಎರಡು ಟರ್ಮಿನಲ್ ಮುಟ್ಟಿದರೆ ನೂರಾರು ಆಂಪಿಯರ್ ಹರಿಯುತ್ತದೆ, ಆಟವಲ್ಲ. ನಟ್ಟು ಸಡಿಲ ಇದ್ದರೂ ಕಷ್ಟ: 700 ವಾಟಿನ ಮಿಕ್ಸಿ ಹಾಕಿದರೆ 12 ವೋಲ್ಟ್ ಬದಿಯಲ್ಲಿ 60 ಆಂಪಿಯರ್ ಎಳೆಯುತ್ತದೆ, ಅಲ್ಲೇ ಕಾದುಹೋಗುತ್ತದೆ.

ಮೊದಲ ಕೆಲವು ತಿಂಗಳು ಸುಖ. ಆಮೇಲೆ ಮೂರನೇ ಸೆಲ್ ಮುಂದೆ ಓಡಲು ಶುರುಮಾಡಿತು. ಉಳಿದ ಮೂರು 3.40 ವೋಲ್ಟ್‌ನಲ್ಲಿದ್ದಾಗಲೇ ಇದು 3.65 ಮುಟ್ಟುತ್ತದೆ, ಬಿಎಂಎಸ್ ಚಾರ್ಜನ್ನೇ ಕಡಿದುಹಾಕುತ್ತದೆ. ಉಳಿದವು ಪೂರ್ತಿ ತುಂಬುವುದೇ ಇಲ್ಲ. ಎಲ್‌ಎಫ್‌ಪಿಯ ಗುಣವೇ ಹಾಗೆ. ನಡುವೆ ಹೆಚ್ಚಿನ ಹೊತ್ತು 3.2, 3.3ರಲ್ಲೇ ಕೂತಿರುತ್ತದೆ, ವ್ಯತ್ಯಾಸ ಕಾಣುವುದೇ ಕೊನೆಯಲ್ಲಿ.

ಬಿಎಂಎಸ್ ಡಬ್ಬದ ಮೇಲೆ ಬ್ಯಾಲೆನ್ಸಿಂಗ್ (ಸೆಲ್‌ಗಳನ್ನು ಸಮ ಮಾಡುವ ವ್ಯವಸ್ಥೆ) ಇದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಎಷ್ಟು ಅಂದರೆ, 40 ಮಿಲಿಆಂಪಿಯರ್! 4 ಎಎಚ್ ವ್ಯತ್ಯಾಸ ಸರಿಮಾಡಲು 100 ಗಂಟೆ ಬೇಕು. ಅದೂ ಚಾರ್ಜಿನ ತುದಿಯ ಕೆಲವೇ ನಿಮಿಷ ಕೆಲಸ ಮಾಡುತ್ತದೆ. ಅಂಗಡಿಯವರನ್ನು ಕೇಳಿದರೆ "ಓಡಿಸ್ತಾ ಇರಿ ಸಾರ್, ಸರಿಹೋಗುತ್ತೆ" ಎಂದರು. ಸರಿಹೋಗಲಿಲ್ಲ.

ಕೊನೆಗೆ 2 ಆಂಪಿಯರಿನ ಆ್ಯಕ್ಟಿವ್ ಬ್ಯಾಲೆನ್ಸರ್ ಬೇರೆಯಾಗಿ ತಂದು ಹಾಕಿದೆ. ಬಿಎಂಎಸ್ ಹೆಚ್ಚಿನದನ್ನು ರೆಸಿಸ್ಟರಿನಲ್ಲಿ ಸುಟ್ಟು ಕಳೆಯುತ್ತದೆ. ಇದು ಜಾಸ್ತಿ ಇರುವ ಸೆಲ್‌ನಿಂದ ತೆಗೆದು ಕಡಿಮೆ ಇರುವುದಕ್ಕೆ ಕೊಡುತ್ತದೆ. ಸದಾ ಆನ್ ಇಡಬಾರದು, ನಡುವಿನ ಸಪಾಟು ವೋಲ್ಟೇಜ್‌ನಲ್ಲಿ ಅದಕ್ಕೂ ದಾರಿ ತಪ್ಪುತ್ತದೆ. ಅದಕ್ಕೇ ಒಂದು ಸ್ವಿಚ್ ಇಟ್ಟು, 3.4 ದಾಟಿದ ಮೇಲಷ್ಟೇ ಹಾಕುತ್ತೇನೆ.

ಈಗ ಸಂಜೆ ಕರೆಂಟ್ ಬಂದಾಗ ಕಾಫಿ ಹಿಡಿದು, ಸೆಲ್‌ಗಳ ವೋಲ್ಟೇಜ್ ತೋರಿಸುವ ಆ್ಯಪ್ ತೆರೆಯುವುದೇ ಒಂದು ಅಭ್ಯಾಸ. ನಾಲ್ಕು ಸಂಖ್ಯೆ ಹತ್ತಿರ ಹತ್ತಿರ ಬರುವುದನ್ನು ನೋಡುತ್ತಾ ಕೂರುತ್ತೇನೆ. "ಜ್ವರ ಎಷ್ಟಿದೆಯಂತೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ. ವ್ಯತ್ಯಾಸ 10 ಮಿಲಿವೋಲ್ಟ್‌ಗೆ ಇಳಿದ ದಿನ ಸುಮ್ನೆ ಖುಷಿ.

ಹೀಗೆ ನೋಡುವ ಚಪಲ ಇಲ್ಲದವರು ಟ್ಯೂಬ್ಯುಲರನ್ನೇ ತಗೊಳ್ಳಿ, ಅಥವಾ ವಾರಂಟಿ ಇರುವ ರೆಡಿಮೇಡ್ ಲಿಥಿಯಂ. ಚಪಲ ಇರುವವರು ಬಿಎಂಎಸ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಆ್ಯಕ್ಟಿವ್ ಬ್ಯಾಲೆನ್ಸಿಂಗ್ ಒಳಗೇ ಇರುವುದು ಸಿಗುತ್ತದೆ. ನನಗೆ ಬೇರೆಬೇರೆ ಕೊಂಡು ಅದಕ್ಕಿಂತ ಜಾಸ್ತಿಯೇ ಆಯಿತು.

ಇನ್ನೊಂದು, ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇದೆಯಾ ನೋಡಿ. ನನ್ನದರಲ್ಲಿ ಇಲ್ಲ, ಎಸ್‌ಎಂಎಫ್‌ನಲ್ಲಿ (ನೀರು ಹಾಕದ ಸೀಲ್ಡ್ ಸೀಸ ಬ್ಯಾಟರಿಯ ಮೋಡ್) ಇಟ್ಟಿದ್ದೇನೆ. ಇನ್ವರ್ಟರಿನ ಬ್ಯಾಟರಿ ದೀಪಗಳನ್ನಂತೂ ನಂಬುವ ಹಾಗಿಲ್ಲ. ರಾತ್ರಿಯಿಡೀ ನಾಲ್ಕೂ ಹಸಿರು, ಆಮೇಲೆ ಒಮ್ಮೆಗೇ ಕತ್ತಲೆ. ಒಂದು ಶಂಟ್ ಮೀಟರ್ ಹಾಕಿಕೊಂಡರೆ ಎಷ್ಟು ಎಎಚ್ ಖರ್ಚಾಗಿದೆ ಎಂದು ಲೆಕ್ಕ ಸಿಗುತ್ತದೆ.