ವೀಟ್: ಶುರು ಮಾಡೋದು ಸಲೀಸು, ಜೋಡಿಸಿಡೋದು ನಮ್ಮ ಪಾಡು

ಮೂರು ವರ್ಷ ಹಳೆಯ ರಿಯಾಕ್ಟ್ ಪ್ರಾಜೆಕ್ಟ್ ಒಂದನ್ನು ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ವೀಟ್‌ಗೆ ಎತ್ತಿ ತಂದು ಎಂಟು ತಿಂಗಳಾಯಿತು. ರಿಯಾಕ್ಟ್ ಅಂದರೆ ವೆಬ್ ಸ್ಕ್ರೀನ್ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ; ಉಳಿದೆರಡೂ ಅದರಲ್ಲಿ ಬರೆದ ಕೋಡನ್ನು ಬ್ರೌಸರಿಗೆ ತಕ್ಕಂತೆ ತಯಾರಿಸಿ ಕೊಡುವ ಟೂಲುಗಳು. ಆಫೀಸಿನ ಒಳಗೇ ಬಳಸುವ ಆ್ಯಪ್ ಅದು. ರಜೆ ಅರ್ಜಿ, ಹಾಜರಿ, ಖರ್ಚಿನ ಬಿಲ್, ಇಷ್ಟೇ. ಕೋಡ್ ಬರೆಯುವವರು ನಾಲ್ಕು ಜನ. ನಾವು ಬಳಸಿದ್ದು ವೀಟ್‌ನ 6ನೇ ಆವೃತ್ತಿ. ಹೊಸದರ ಹುಮ್ಮಸ್ಸು ಇಳಿದ ಮೇಲೆ ಬರೆಯೋಣ ಅಂತ ಇಷ್ಟು ದಿನ ಕಾದೆ.

ಬದಲಾಯಿಸಿದ್ದು ಚಪಲಕ್ಕಲ್ಲ. 2025ರ ಫೆಬ್ರವರಿ 14ರಂದು ರಿಯಾಕ್ಟ್ ತಂಡದವರೇ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ ಕೈ ಬಿಟ್ಟರು. ಪ್ರೇಮಿಗಳ ದಿನವೇ ಆಗಬೇಕಿತ್ತಾ! ಹೊಸ ಪ್ರಾಜೆಕ್ಟಿಗೆ ಅದನ್ನು ಬಳಸಬೇಡಿ ಎಂದ ಮೇಲೆ ಹಳೆಯದನ್ನೂ ಎಷ್ಟು ದಿನ ಎಳೆಯುವುದು ಅಂತ ಅನಿಸಿತು.

ಹೆಸರನ್ನು ವೈಟ್ ಅಂತ ಓದುವವರು ನಮ್ಮಲ್ಲೂ ಇದ್ದಾರೆ. ಅದು ಫ್ರೆಂಚ್ ಪದ, ಬೇಗ ಅಂತ ಅರ್ಥ, ವೀಟ್ ಅಂತಲೇ ಹೇಳಬೇಕು. ವ್ಯೂ ಎಂಬ ಲೈಬ್ರರಿ ಬರೆದ ಎವನ್ ಯು 2020ರಲ್ಲಿ ಹೊರತಂದದ್ದು. ಆದರೆ ರಿಯಾಕ್ಟ್, ಅದರಂಥದ್ದೇ ಸ್ವೆಲ್ಟ್, ಸಾಲಿಡ್ ಎಲ್ಲದಕ್ಕೂ ಒಗ್ಗುತ್ತದೆ. ಕೋಡ್ ಬರೆಯುವಾಗ ಅದು ನಮ್ಮ ಕಂಪ್ಯೂಟರಿನಲ್ಲೇ ಓಡಿಸುವ ಸರ್ವರಿನ ಪೋರ್ಟ್ ನಂಬರ್ (ವಿಳಾಸದ ಕೊನೆಯ ಅಂಕಿ) 5173. ಸುಮ್ನೆ ಹಾಕಿದ ಅಂಕಿ ಅಲ್ಲ ಅದು: ರೋಮನ್ 5 ಅಂದರೆ ವಿ, 1 ಅಂದರೆ ಐ, 7 ನೋಡಲು ಟಿ, 3 ತಿರುಗಿಸಿದರೆ ಇ.

ಹೆಸರಿಗೆ ತಕ್ಕ ಹಾಗೆ ಬೇಗವೇ. ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯದು ಏಳಲು ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತಿತ್ತು. ಇದು ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ರೆಡಿ. ಕಾರಣ ಸರಳ. ಹಳೆಯದರಲ್ಲಿ ಒಳಗಿದ್ದ ವೆಬ್‌ಪ್ಯಾಕ್ ಎಂಬ ಟೂಲ್ ಮೊದಲು ಇಡೀ ಆ್ಯಪನ್ನು ಗಂಟು ಕಟ್ಟಿ, ಆಮೇಲೆ ಬ್ರೌಸರಿಗೆ ಕೊಡುತ್ತಿತ್ತು. ಕೋಡ್ ಬರೆಯುವಾಗ ವೀಟ್ ಗಂಟು ಕಟ್ಟುವುದಿಲ್ಲ. ಬ್ರೌಸರ್ ಯಾವ ಫೈಲ್ ಕೇಳುತ್ತದೋ ಅದನ್ನು ಆಗ ತಯಾರಿಸಿ ಕೊಡುತ್ತದೆ. 6ನೇ ಆವೃತ್ತಿಯಲ್ಲಿ ಹೊರಗಿನ ಲೈಬ್ರರಿಗಳನ್ನು ಮಾತ್ರ ಈಎಸ್‌ಬಿಲ್ಡ್ ಎಂಬ ಟೂಲಿನಿಂದ ಒಮ್ಮೆ ಕಟ್ಟಿ ಎತ್ತಿಟ್ಟುಕೊಳ್ಳುತ್ತದೆ. ಕೊನೆಗೆ ಸರ್ವರಿಗೆ ಹಾಕುವ ಬಿಲ್ಡನ್ನು ಅದೇ ಆವೃತ್ತಿಯಲ್ಲಿ ರೋಲಪ್ ಎಂಬ ಇನ್ನೊಂದು ಟೂಲ್ ಮಾಡುತ್ತದೆ.

ಸಾಗಿಸುವ ಕೆಲಸ ಎರಡು ದಿನ ಹಿಡಿಯಿತು. ಪಬ್ಲಿಕ್ ಫೋಲ್ಡರಿನಲ್ಲಿದ್ದ ಇಂಡೆಕ್ಸ್ ಎಚ್‌ಟಿಎಂಎಲ್ ಫೈಲನ್ನು ಪ್ರಾಜೆಕ್ಟಿನ ಬುಡಕ್ಕೆ ತರಬೇಕು. ಹಳೇ ಫೈಲುಗಳಿಗೆ ಜೆಎಸ್ ಅಂತ ಹೆಸರಿಟ್ಟು ಒಳಗೆ ಜೆಎಸ್‌ಎಕ್ಸ್ (ಜಾವಾಸ್ಕ್ರಿಪ್ಟಿನೊಳಗೇ ಎಚ್‌ಟಿಎಂಎಲ್ ಥರ ಬರೆಯುವ ರೀತಿ) ಬರೆದಿದ್ದೆವು, ವೀಟ್ ಅದನ್ನು ಒಪ್ಪುವುದಿಲ್ಲ. ಹೆಸರು ಬದಲಾಯಿಸಿದ್ದೇ ಅರ್ಧ ದಿನ.

ಆಮೇಲೆ ಎನ್ವ್ ಫೈಲ್, ಅಂದರೆ ಸರ್ವರ್ ವಿಳಾಸದಂಥ ಸೆಟ್ಟಿಂಗ್ ಇಡುವ ಫೈಲ್. ಹಳೆಯದರಲ್ಲಿ ವೇರಿಯಬಲ್ ಹೆಸರು ರಿಯಾಕ್ಟ್ ಆ್ಯಪ್ ಅಂತ ಶುರುವಾಗಬೇಕಿತ್ತು, ಇಲ್ಲಿ ವೀಟ್ ಅಂತ. ನಾನು ಕೋಡಿನಲ್ಲಿ ಓದುವ ಜಾಗವನ್ನು ಸರಿ ಮಾಡಿ, ಹೆಸರುಗಳನ್ನು ಹಾಗೇ ಬಿಟ್ಟಿದ್ದೆ. ಎರರ್ ಏನೂ ಇಲ್ಲ. ರಜೆಯ ಪಟ್ಟಿ ಮಾತ್ರ ಖಾಲಿ. ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆಗೆದರೆ, ಸರ್ವರ್ ವಿಳಾಸ ಇರಬೇಕಾದ ಕಡೆ ಅನ್‌ಡಿಫೈನ್ಡ್ ಅಂತ ಕೂತಿದೆ! ಈ ನಿಯಮ ಇರುವುದು ಒಳ್ಳೆಯದಕ್ಕೇ. ಗುಟ್ಟಿನ ಕೀ ಗೊತ್ತಿಲ್ಲದೆ ಬ್ರೌಸರಿಗೆ ಹೋಗದಿರಲಿ ಅಂತ. ವೀಟ್ ಅಂತ ಹೆಸರಿಟ್ಟದ್ದೆಲ್ಲ ಬಿಲ್ಡಿನೊಳಗೆ ಸೇರಿ ಯಾರ ಕಣ್ಣಿಗಾದರೂ ಬೀಳುತ್ತದೆ, ಅದೂ ನೆನಪಿರಲಿ.

ಮೊದಲ ಡಿಪ್ಲಾಯ್ ದಿನ, ಅಂದರೆ ಬಿಲ್ಡನ್ನು ಸರ್ವರಿಗೆ ಹಾಕುವ ದಿನ, ಜೂನಿಯರ್ ಹುಡುಗ ಬಂದು ನಿಂತ.

"ಮೇಡಂ, ಎಲ್ಲಾ ಹಸಿರು ಬಂದಿದೆ. ಆದ್ರೆ ಸೈಟಲ್ಲಿ ಹಳೇದೇ ಕಾಣ್ತಿದೆ."

"ಕ್ಯಾಶ್ ಇರ್ಬೇಕು, ಕ್ಲಿಯರ್ ಮಾಡಿ ನೋಡು."

"ಮೂರು ಸಲ ಮಾಡ್ದೆ ಮೇಡಂ."

ಹಳೆಯದು ಬಿಲ್ಡ್ ಎಂಬ ಫೋಲ್ಡರಿಗೆ ಬರೆಯುತ್ತಿತ್ತು, ವೀಟ್ ಡಿಸ್ಟ್ ಎಂಬ ಫೋಲ್ಡರಿಗೆ ಬರೆಯುತ್ತದೆ. ನಮ್ಮ ಸ್ಕ್ರಿಪ್ಟ್ ಪಾಪ, ಸರ್ವರಿನಲ್ಲಿ ಉಳಿದಿದ್ದ ಹಳೇ ಬಿಲ್ಡ್ ಫೋಲ್ಡರನ್ನೇ ನಿಷ್ಠೆಯಿಂದ ಕಾಪಿ ಮಾಡುತ್ತಿತ್ತು. ಸ್ಕ್ರಿಪ್ಟ್ ಬರೆದವಳು ನಾನೇ, ಆದ್ದರಿಂದ ಬೈಯಲು ಯಾರೂ ಸಿಗಲಿಲ್ಲ.

ಟೈಪ್‌ಸ್ಕ್ರಿಪ್ಟ್ (ಟೈಪುಗಳನ್ನೂ ಬರೆಯುವ ಜಾವಾಸ್ಕ್ರಿಪ್ಟ್) ಬಳಸುವವರು ಇದೊಂದನ್ನು ಗಟ್ಟಿಯಾಗಿ ತಿಳಿದುಕೊಳ್ಳಿ. ವೀಟ್ ಟೈಪುಗಳನ್ನು ಕಿತ್ತು ಹಾಕುತ್ತದೆ, ಪರೀಕ್ಷಿಸುವುದಿಲ್ಲ. ನಂಬರ್ ಬೇಕಾದ ಕಡೆ ಸ್ಟ್ರಿಂಗ್ ಕೊಟ್ಟರೂ ಪೇಜ್ ನಗುನಗುತ್ತಾ ಬರುತ್ತದೆ. ವೀಟ್‌ನ ರಿಯಾಕ್ಟ್ ಟೈಪ್‌ಸ್ಕ್ರಿಪ್ಟ್ ಟೆಂಪ್ಲೇಟಿನಿಂದ ಶುರು ಮಾಡಿದರೆ ಬಿಲ್ಡ್ ಕಮಾಂಡಿನಲ್ಲಿ ಟೈಪ್ ಪರೀಕ್ಷಿಸುವ ಟಿಎಸ್‌ಸಿ ಮೊದಲೇ ಸೇರಿರುತ್ತದೆ. ನಮ್ಮ ಹಾಗೆ ಹಳೆಯದನ್ನು ಕೈಯಾರೆ ಸಾಗಿಸಿದರೆ ನೀವೇ ಸೇರಿಸಬೇಕು. ನಾವು ಸೇರಿಸಿದ್ದು ಮೂರು ವಾರದ ಮೇಲೆ. ಆವತ್ತು ಬಂದ ಕೆಂಪು ಸಾಲುಗಳನ್ನು ಎಣಿಸಲು ಹೋಗಲಿಲ್ಲ.

ಇನ್ನು ಫೋಲ್ಡರ್ ವಿಷಯ. ವೀಟ್ ಕೊಡುವ ಟೆಂಪ್ಲೇಟಿನಲ್ಲಿ ಸೋರ್ಸ್ ಫೋಲ್ಡರಿನೊಳಗೆ ಬೆರಳೆಣಿಕೆಯ ಫೈಲುಗಳಿರುತ್ತವೆ, ಅಷ್ಟೇ. ಎಲ್ಲಿ ಏನಿಡಬೇಕು ಎಂದು ಒಂದು ಮಾತೂ ಹೇಳುವುದಿಲ್ಲ. ಮೊದಲು ಇದು ಕೊರತೆ ಅನಿಸಿತ್ತು. ಆದರೆ ಕೆಟ್ಟದಾಗಿ ಇಟ್ಟಿದ್ದನ್ನು ಇದು ಹೇಗೆ ಎತ್ತಿ ತೋರಿಸುತ್ತದೆ ಅಂತ ಗೊತ್ತಾದದ್ದು ಲಾಗಿನ್ ಪೇಜಿನಿಂದ.

ಸರ್ವರ್ ಕ್ಷಣದಲ್ಲಿ ಏಳುತ್ತಿತ್ತು, ಲಾಗಿನ್ ಪೇಜ್ ಮಾತ್ರ ತೆವಳುತ್ತಿತ್ತು. ಎರಡು ಬಾಕ್ಸು, ಒಂದು ಬಟನ್ ಇರುವ ಪೇಜಿಗೆ ನೆಟ್‌ವರ್ಕ್ ಟ್ಯಾಬಿನಲ್ಲಿ ನಾನೂರಕ್ಕೂ ಜಾಸ್ತಿ ರಿಕ್ವೆಸ್ಟ್. ಸಾಲುಸಾಲಾಗಿ ನೋಡುತ್ತಾ ಹೋದೆ. ಹಾಜರಿಯ ಕ್ಯಾಲೆಂಡರ್, ಬಿಲ್ಲಿನ ಚಾರ್ಟ್, ಮ್ಯಾನೇಜರ್ ಮಾತ್ರ ನೋಡುವ ಟೇಬಲ್, ಲಾಗಿನ್‌ಗೂ ಇವಕ್ಕೂ ಏನು ಸಂಬಂಧ? ನಮ್ಮ ಕಾಂಪೊನೆಂಟ್ಸ್ (ಬಟನ್, ಟೇಬಲ್ ಥರದ ಸ್ಕ್ರೀನಿನ ತುಂಡುಗಳು) ಫೋಲ್ಡರಿನಲ್ಲಿ ಒಂದು ಇಂಡೆಕ್ಸ್ ಫೈಲ್ ಇತ್ತು. ಅರವತ್ತು ಚಿಲ್ಲರೆ ಕಾಂಪೊನೆಂಟುಗಳನ್ನು ಒಂದೇ ಬಾಗಿಲಿನಿಂದ ಹೊರಗೆ ಬಿಡುವ ಫೈಲ್. ಬ್ಯಾರೆಲ್ ಫೈಲ್ ಎನ್ನುತ್ತಾರೆ. ಲಾಗಿನ್ ಪೇಜ್ ಅಲ್ಲಿಂದ ಒಂದು ಬಟನ್ ಕೇಳಿದರೆ, ಬ್ರೌಸರ್ ಆ ಇಂಡೆಕ್ಸ್ ಓದಿ ಅರವತ್ತನ್ನೂ ತರಿಸುತ್ತಿತ್ತು. ಅವುಗಳ ಹಿಂದೆ ಅವುಗಳ ಬಳಗ. ಮದುವೆಗೆ ಒಬ್ಬರನ್ನು ಕರೆದರೆ ಊರೇ ಬಂದ ಹಾಗೆ. ವೆಬ್‌ಪ್ಯಾಕ್ ಕಾಲದಲ್ಲಿ ಎಲ್ಲಾ ಗಂಟಿನೊಳಗಿದ್ದ ಕಾರಣ ಇದು ಕಣ್ಣಿಗೆ ಬೀಳಲೇ ಇಲ್ಲ. ಬ್ಯಾರೆಲ್ ಫೈಲ್ ಬೇಡ ಅಂತ ವೀಟ್‌ನ ದಾಖಲೆಯಲ್ಲೇ ಬರೆದಿದೆ, ಓದಿದ್ದರೆ ತಾನೇ.

ಆ ಫೈಲ್ ಕಿತ್ತೆವು. ಕಿತ್ತ ಮೇಲೆ ಉಳಿದದ್ದನ್ನೂ ಬಿಡಲಾಗಲಿಲ್ಲ. ಮೊದಲು ನಮ್ಮಲ್ಲಿ ಕಾಂಪೊನೆಂಟ್ಸ್, ಹುಕ್ಸ್, ಸರ್ವಿಸಸ್, ಯುಟಿಲ್ಸ್ ಅಂತ ಜಾತಿವಾರು ಫೋಲ್ಡರುಗಳು. ರಜೆಯ ಒಂದು ನಿಯಮ ಬದಲಾದರೆ ನಾಲ್ಕೂ ಕಡೆ ಓಡಾಟ. ಯುಟಿಲ್ಸ್ ಅಂತೂ ಮನೆಯ ಅಟ್ಟ. ಎಸೆಯಲು ಮನಸ್ಸಿಲ್ಲದ್ದೆಲ್ಲ ಮೇಲಕ್ಕೆ. ಇಳಿಸಿ ನೋಡಿದರೆ ದಿನಾಂಕವನ್ನು ಬರೆದು ತೋರಿಸುವ ಫಂಕ್ಷನ್ನೇ ಮೂರಿದ್ದವು, ಒಂದೊಂದೂ ಒಂದೊಂದು ಥರ. ಈಗ ರಜೆ, ಹಾಜರಿ, ಬಿಲ್ ಅಂತ ಕೆಲಸಕ್ಕೊಂದು ಫೋಲ್ಡರ್. ಸ್ಕ್ರೀನ್, ಹುಕ್, ಎಪಿಐ ಕರೆ, ಟೆಸ್ಟ್ ಎಲ್ಲಾ ಅದರೊಳಗೇ. ಎರಡು ಕಡೆ ನಿಜವಾಗಿ ಬೇಕಾದದ್ದು ಮಾತ್ರ ಶೇರ್ಡ್ ಫೋಲ್ಡರಿಗೆ. ಒಂದು ಫೋಲ್ಡರ್ ಇನ್ನೊಂದರ ಒಳಗೆ ಕೈ ಹಾಕುವಂತಿಲ್ಲ, ಹಾಕಿದರೆ ಕೋಡಿನ ತಪ್ಪು ಹಿಡಿಯುವ ಲಿಂಟ್ ಬೈಯುತ್ತದೆ. ಲಾಗಿನ್ ಪೇಜಿನ ರಿಕ್ವೆಸ್ಟ್ ನೂರರೊಳಗೆ ಬಂತು.

ಸಣ್ಣ ಕಿರಿಕಿರಿಗಳೂ ಇವೆ. 6ನೇ ಆವೃತ್ತಿಯಲ್ಲಿ ಇಂಪೋರ್ಟಿನ ಅಡ್ಡಹೆಸರನ್ನು (ಉದ್ದ ಫೈಲ್ ದಾರಿಗೆ ಇಡುವ ಚಿಕ್ಕ ಹೆಸರು) ವೀಟ್ ಕಾನ್ಫಿಗ್‌ನಲ್ಲೂ ಬರೆಯಬೇಕು, ಟೈಪ್‌ಸ್ಕ್ರಿಪ್ಟ್ ಕಾನ್ಫಿಗ್‌ನಲ್ಲೂ ಬರೆಯಬೇಕು. ವೀಟ್ ಕಾನ್ಫಿಗ್‌ನಲ್ಲಿ ಮರೆತರೆ ಎಡಿಟರ್ ಸರಿ ಅನ್ನುತ್ತದೆ, ಬ್ರೌಸರ್ ಇಲ್ಲ ಅನ್ನುತ್ತದೆ. ಈ ಆವೃತ್ತಿಯಲ್ಲಿ ಬರೆಯುವಾಗ ಒಂದು ಟೂಲ್, ಬಿಲ್ಡಿಗೆ ಇನ್ನೊಂದು ಆದ್ದರಿಂದ ಡಿಪ್ಲಾಯ್‌ಗೆ ಮುಂಚೆ ಪ್ರಿವ್ಯೂ ಕಮಾಂಡಿನಲ್ಲಿ ಒಮ್ಮೆ ಬಿಲ್ಡ್ ನೋಡುವುದು ವಾಸಿ. ಬಿಲ್ಡ್ ತುಂಡು 500 ಕೆಬಿ ದಾಟಿದರೆ ಹಳದಿ ಎಚ್ಚರಿಕೆ ಬರುತ್ತದೆ. ಮಿತಿಯನ್ನು ಹೆಚ್ಚಿಸಿ ಬಾಯಿ ಮುಚ್ಚಿಸಬಹುದು. ನಾವು ಮಾಡಿದ್ದು ಅದೇ, ಈಗ ತಾನೇ ಪೇಜುಗಳನ್ನು ಬೇಕಾದಾಗ ತರಿಸುವ ಹಾಗೆ ಒಡೆಯುತ್ತಿದ್ದೇವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೊಸ ಪ್ರಾಜೆಕ್ಟಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಹಳೆಯದಾದರೆ ಎರಡು ದಿನ ಅಂತ ಮ್ಯಾನೇಜರ್‌ಗೆ ಹೇಳಬೇಡಿ, ಎರಡು ವಾರ ಕೇಳಿ.

ಅಂದಹಾಗೆ ಮೊನ್ನೆ ಅಕೌಂಟ್ಸಿನವರೊಬ್ಬರು ಕೇಳಿದರು, "ರಜೆ ಹಾಕೋ ಟ್ಯಾಬ್ ಮೇಲೆ ನೇರಳೆ ಬಣ್ಣದ ಮೇಲೆ ಒಂದು ಹಳದಿ ಮಿಂಚು ಇರುತ್ತಲ್ಲಾ ಮೇಡಂ, ನಮ್ಮ ಹೊಸ ಲೋಗೋನಾ?" ಟೆಂಪ್ಲೇಟಿನಿಂದ ಕಾಪಿ ಮಾಡಿದ ಎಚ್‌ಟಿಎಂಎಲ್. ವೀಟ್‌ನ ಐಕಾನ್ ಎಂಟು ತಿಂಗಳಿಂದ ಅಲ್ಲೇ ಇದೆ.