ಮಾಡಿನ ಮೇಲೆ ಸೋಲಾರ್ ಹಾಕಿಸುವ ಮೊದಲು ಇನ್ವರ್ಟರ್ ಯಾವುದೆಂದು ಕೇಳಿ

2024ರ ಫೆಬ್ರುವರಿಯಲ್ಲಿ ಮನೆ ಮಾಡಿನ ಸೋಲಾರ್‌ಗಾಗಿ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಆರಂಭವಾಗಿ, 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದ ಮೇಲೆ ಶಿರಸಿ ಸೀಮೆಯ ಹಳ್ಳಿಗಳಿಗೂ ಏಜೆಂಟರು ಬರತೊಡಗಿದ್ದಾರೆ. ನಮ್ಮಲ್ಲಿಗೆ ಬಂದವರು, ಮಳೆಗಾಲದಲ್ಲಿ ಲೈನ್ ಹೋದರೂ ನಿಮ್ಮ ಮನೆಯಲ್ಲಿ ಕರೆಂಟ್ ಇರುತ್ತದೆ ಎಂದು ಹೇಳಿಯೇ ಮುಂಗಡ ಪಡೆದಿದ್ದರು.

ಜುಲೈ ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಆ ಮಾತಿನ ಬಣ್ಣ ಬಯಲಾಯಿತು. ಮಳೆ ಹೊಳವಾಗಿ ಪ್ಯಾನೆಲ್‌ಗಳ ಮೇಲೆ ಒಳ್ಳೆಯ ಬಿಸಿಲು ಬಿದ್ದಿದ್ದರೂ, ಅವುಗಳ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕೆಂಪು ದೀಪ ಹೊತ್ತಿಸಿಕೊಂಡು ‘ನೋ ಗ್ರಿಡ್’ (ಲೈನ್ ಇಲ್ಲ) ಎಂದು ತೋರಿಸುತ್ತ ಕುಳಿತಿತ್ತು. ಬಾವಿಯ ಪಂಪು ತಿರುಗಲಿಲ್ಲ. ಇದು ಯಂತ್ರದ ದೋಷವಲ್ಲ. ನಮಗೆ ಹಾಕಿದ್ದು ಆನ್‌ಗ್ರಿಡ್, ಅಂದರೆ ಲೈನನ್ನೇ ನೆಚ್ಚಿ ನಡೆಯುವ ಇನ್ವರ್ಟರ್. ಅದು ಲೈನಿನ ವೋಲ್ಟೇಜನ್ನೂ 50 ಹರ್ಟ್ಸ್ ಆವರ್ತನವನ್ನೂ ನೋಡಿಕೊಂಡು, ಅದಕ್ಕೆ ಹೊಂದಿಕೊಂಡೇ ವಿದ್ಯುತ್ ಕೊಡುತ್ತದೆ. ಲೈನ್ ನಿಂತೊಡನೆ ಅದೂ ನಿಲ್ಲಲೇಬೇಕು, ಇಲ್ಲದಿದ್ದರೆ ದುರಸ್ತಿಗೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮಾಡಿನ ಕರೆಂಟೇ ಹೊಡೆದೀತು. ನಿಯಮ ಸರಿಯಾಗಿಯೇ ಇದೆ. ಅದನ್ನು ಮುಚ್ಚಿಟ್ಟು ವ್ಯಾಪಾರ ಮಾಡಿದ್ದು ಅನ್ಯಾಯ. ಲೈನ್ ಇಲ್ಲದಾಗಲೂ ದೀಪ ಉರಿಯಬೇಕೆಂದರೆ ಬ್ಯಾಟರಿ ಸಹಿತದ ಹೈಬ್ರಿಡ್ ವ್ಯವಸ್ಥೆ ಬೇಕು, ಅದರ ದರವೇ ಬೇರೆ.

ಮೀಟರಿನ ನಷ್ಟ ಸದ್ದಿಲ್ಲದೆ ಆದದ್ದು. ಲೈನಿನಿಂದ ಒಳಬರುವ, ಮನೆಯಲ್ಲಿ ಮಿಕ್ಕು ಲೈನಿಗೆ ಹೊರಹೋಗುವ ಯೂನಿಟ್ಟುಗಳನ್ನು ಪ್ರತ್ಯೇಕವಾಗಿ ಲೆಕ್ಕವಿಡುವ ಮೀಟರ್ ಕೂರಿಸುವ ಮೊದಲೇ ಏಜೆಂಟರು ಘಟಕವನ್ನು ಚಾಲೂ ಮಾಡಿ ಹೋಗಿದ್ದರು. ಹಳೆಯ ಇಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಹಲವು, ವಿದ್ಯುತ್ ಹರಿಯುವ ದಿಕ್ಕನ್ನು ವಿಂಗಡಿಸದೆ, ಹೊರಗೆ ಹೋದದ್ದನ್ನೂ ಬಳಕೆಗೇ ಸೇರಿಸುತ್ತವೆ. ಫ್ರಿಜ್ ಬಿಟ್ಟರೆ ಮತ್ತೇನೂ ನಡೆಯದ ಮಧ್ಯಾಹ್ನದಲ್ಲಿ ಮೀಟರಿನ ಕೆಂಪು ದೀಪ ಪಟಪಟನೆ ಮಿನುಗುವುದನ್ನು ಕಂಡಾಗಲೇ ನಮಗೆ ಅನುಮಾನ ಬಂದದ್ದು. ಫೋನಿನ ಆ್ಯಪ್ ಮಾತ್ರ ಉತ್ಪಾದನೆಯ ಅಂದವಾದ ನಕ್ಷೆ ತೋರಿಸುತ್ತಲೇ ಇತ್ತು. ಆ ತಿಂಗಳ ಬಿಲ್ಲು ಸೋಲಾರ್ ಇಲ್ಲದಾಗಿನದ್ದಕ್ಕಿಂತ ಹೆಚ್ಚಾಗಿತ್ತು.

ಆದ್ದರಿಂದ ಮುಂಗಡ ಕೊಡುವ ಮೊದಲು ಇನ್ವರ್ಟರ್ ಆನ್‌ಗ್ರಿಡ್ಡೋ ಹೈಬ್ರಿಡ್ಡೋ ಎಂಬುದನ್ನು ಮಾಡೆಲ್ ಸಂಖ್ಯೆಯ ಸಹಿತ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನವರು ಪರಿಶೀಲಿಸಿ ಹೊಸ ಮೀಟರ್ ಕೂರಿಸುವ ತನಕ ಸೋಲಾರ್ ಸ್ವಿಚ್ ಹಾಕಲು ಬಿಡಬೇಡಿ, ಕೊನೆಯ ಕಂತನ್ನೂ ಕೊಡಬೇಡಿ. ನಮ್ಮ ಏಜೆಂಟರು ಪೂರ್ತಿ ಹಣ ಕೈಸೇರಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಬಹಳ ಸಲ ಕೇಳಿದ ಮೇಲೆ, ಈ ಇನ್ವರ್ಟರಿಗೆ ಬ್ಯಾಟರಿ ಜೋಡಿಸಲು ಬರುವುದಿಲ್ಲ, ಬದಲಿಸಬೇಕಾಗುತ್ತದೆ ಎಂದು ತಿಳಿಸಿ ಹೊಸ ಕೊಟೇಶನ್ ಕಳಿಸಿದ್ದಾರೆ.